ಭಾರದ ಸಿಲಿಕೋನ್ ಎಣ್ಣೆ: ಕೆಳಭಾಗದ ರೆಟಿನಾ ಕಳಚಿದಾಗ ಇದೇ ಮೊದಲ ಆಯ್ಕೆಯಾಗಬೇಕೆ?

ಪರ

ಕಳಚಿದ ರೆಟಿನಾವನ್ನು ಸ್ವಸ್ಥಾನಕ್ಕೆ ಕೂರಿಸಿ ಲೇಸರ್ ಹಾಕಿದ ಮೇಲೆ, ಆ ಜಾಗ ಬೆಸೆದುಕೊಳ್ಳುವವರೆಗೆ ಒಳಗಿನಿಂದ ಒಂದು ಆಸರೆ ಬೇಕು. ನೇತ್ರವೈದ್ಯ ಪಾಲ್ ಸಿಬಿಸ್ 1962ರಲ್ಲಿ ತೋರಿಸಿಕೊಟ್ಟ ಸಿಲಿಕೋನ್ ಎಣ್ಣೆ ಈ ಕೆಲಸಕ್ಕೆ ಇಂದಿಗೂ ಬಳಕೆಯಲ್ಲಿದೆ. ಆದರೆ ಅದರ ಸಾಂದ್ರತೆ 0.97, ಅಂದರೆ ನೀರಿಗಿಂತ ಹಗುರ. ರೋಗಿ ಎದ್ದು ಕುಳಿತರೆ ಎಣ್ಣೆ ಮೇಲಕ್ಕೇರುತ್ತದೆ, ಕೆಳಭಾಗದಲ್ಲಿ ದ್ರವ ನಿಲ್ಲುತ್ತದೆ. ಗಾಯದ ಪೊರೆ ಕಟ್ಟುವ ಜೀವಕೋಶಗಳು ಅಲ್ಲೇ ಸೇರಿ ರೆಟಿನಾವನ್ನು ಮತ್ತೆ ಎಳೆದು ಕಳಚುತ್ತವೆ. ವೈದ್ಯರು ಪಿವಿಆರ್ ಎನ್ನುವ ಈ ತೊಡಕೇ ಶಸ್ತ್ರಚಿಕಿತ್ಸೆ ಸೋಲುವುದಕ್ಕೆ ಮುಖ್ಯ ಕಾರಣ. ಸಿಲಿಕೋನಿಗೆ ಫ್ಲೋರಿನ್‌ಯುಕ್ತ ದ್ರವ ಬೆರೆಸಿದ ಡೆನ್ಸಿರಾನ್ 68ರ ಸಾಂದ್ರತೆ 1.06. ಅದು ಮುಳುಗಿ, ಆಸರೆ ಬೇಕಾದ ಕಡೆಯೇ ನಿಲ್ಲುತ್ತದೆ. ಬೆನ್ನು, ಕುತ್ತಿಗೆ ನೋವಿನ ವೃದ್ಧರಿಗೂ ಹೇಳಿದ ಮಾತು ಕೇಳದ ಮಕ್ಕಳಿಗೂ ದಿನಗಟ್ಟಲೆ ಬೋರಲು ಮಲಗುವ ಕಷ್ಟ ತಪ್ಪುತ್ತದೆ. ಇದನ್ನು ಸಣ್ಣ ಅನುಕೂಲವೆಂದು ತಳ್ಳಿಹಾಕಲಾಗದು, ಏಕೆಂದರೆ ಮಲಗುವ ಭಂಗಿ ಪಾಲಿಸಲಾಗದಿದ್ದರೆ ಒಳ್ಳೆಯ ಶಸ್ತ್ರಚಿಕಿತ್ಸೆಯೂ ವ್ಯರ್ಥವಾಗಬಹುದು. ಉರಿಯೂತದ ಭಯವನ್ನು ಎತ್ತುವವರು ಹಳೆಯ ಅನುಭವವನ್ನು ನೆನೆಯುತ್ತಾರೆ. ಆ ಫ್ಲೋರಿನ್ ದ್ರವವನ್ನು ಒಂದನ್ನೇ ತುಂಬಿದ ಕಾಲದಲ್ಲಿ ಉರಿಯೂತ ಹೆಚ್ಚಿತ್ತು, ನಿಜ. ಅದನ್ನು ದಪ್ಪ ಸಿಲಿಕೋನಿನಲ್ಲಿ ಬೆರೆಸಿದ್ದೇ ಆ ದೋಷವನ್ನು ತಗ್ಗಿಸಲು.

ವಿರೋಧ

ತರ್ಕ ಸೊಗಸಾಗಿದೆ, ಆದರೆ ಪರೀಕ್ಷೆಯಲ್ಲಿ ಅದು ಗೆಲ್ಲಲಿಲ್ಲ. ಕೆಳಭಾಗದ ಪಿವಿಆರ್ ಇದ್ದವರಲ್ಲಿ ಭಾರದ ಎಣ್ಣೆಯನ್ನೂ ಸಾಮಾನ್ಯ ಎಣ್ಣೆಯನ್ನೂ ಹೋಲಿಸಿದ ಯುರೋಪಿನ ಬಹುಕೇಂದ್ರ ಅಧ್ಯಯನದ ಮಧ್ಯಂತರ ವಿಶ್ಲೇಷಣೆ 2011ರಲ್ಲಿ ಪ್ರಕಟವಾಯಿತು. ಭಾರದ ಎಣ್ಣೆ ಮೇಲೆಂದು ಅದರಲ್ಲಿ ಸಾಬೀತಾಗಲಿಲ್ಲ. ಅಲ್ಲಿ ಬಳಸಿದ್ದು ಆಕ್ಸೇನ್ ಎಚ್‌ಡಿ ಎಂಬ ಬೇರೊಂದು ಭಾರದ ಎಣ್ಣೆ, ಡೆನ್ಸಿರಾನ್ ಬಗ್ಗೆ ಅದೇ ಮಾತು ಹೇಳಲಾಗದು ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಆದರೂ ಡೆನ್ಸಿರಾನ್ ಪರವಾದ ವರದಿಗಳಲ್ಲಿ ಹೆಚ್ಚಿನವು ಹೋಲಿಕೆಯ ಗುಂಪೇ ಇಲ್ಲದ ರೋಗಿಗಳ ಸರಣಿಗಳು. ಅಂಥ ಸಾಕ್ಷ್ಯವನ್ನು ನಂಬಿ ಮೊದಲ ಆಯ್ಕೆ ಬದಲಿಸುವುದು ನನಗೆ ಸರಿಯೆನಿಸುವುದಿಲ್ಲ. ಗೆಲ್ಲದಿರುವುದಕ್ಕೆ ಕಾರಣವೂ ಊಹೆಗೆ ನಿಲುಕುತ್ತದೆ. ನೀರಿಗೂ ಡೆನ್ಸಿರಾನಿಗೂ ಇರುವ ಸಾಂದ್ರತೆಯ ಅಂತರವೇ 0.06 ಮಾತ್ರ, ಹಾಗಾಗಿ ಒತ್ತುವ ಬಲ ಅಲ್ಪ. ಮೇಲಾಗಿ, ಎಣ್ಣೆ ಕೆಳಗಿಳಿದರೆ ದ್ರವ, ಅದರೊಂದಿಗೆ ಜೀವಕೋಶಗಳು, ಮೇಲ್ಭಾಗಕ್ಕೆ ಸರಿಯುತ್ತವೆ. ಪಿವಿಆರ್ ನಿಲ್ಲುವುದಿಲ್ಲ, ಜಾಗ ಬದಲಿಸುತ್ತದೆ. ಗಾಯದ ಪೊರೆಯನ್ನು ಪೂರ್ತಿ ಬಿಡಿಸದೆ, ಬಿಗಿದು ಕುಗ್ಗಿದ ರೆಟಿನಾವನ್ನು ಅಗತ್ಯವಿದ್ದಲ್ಲಿ ಕತ್ತರಿಸಿ ಸಡಿಲಿಸದೆ ಬಿಟ್ಟರೆ ಯಾವ ಎಣ್ಣೆಯೂ ಅದನ್ನು ಹಿಡಿದಿಡಲಾರದು.

ತೊಡಕುಗಳಲ್ಲಿ ಕಣ್ಣಿನ ಪೊರೆ, ಒತ್ತಡ ಏರಿಕೆ ಎರಡೂ ಎಣ್ಣೆಗಳಿಗೆ ಸಮಾನ. ಎಣ್ಣೆ ಸಣ್ಣ ಹನಿಗಳಾಗಿ ಒಡೆಯುವುದು ಮತ್ತು ಉರಿಯೂತ ಭಾರದ ಎಣ್ಣೆಯಲ್ಲಿ ಹೆಚ್ಚು ಚಿಂತೆಯ ವಿಷಯ. ಹೊಸ ಮಿಶ್ರಣಗಳೂ ಇದರಿಂದ ಪೂರ್ತಿ ಮುಕ್ತವಾಗಿಲ್ಲ. ತೆಗೆಯುವುದೂ ಬೇರೆ ಬಗೆ. ಹಗುರ ಎಣ್ಣೆ ತೇಲಿ ಶಸ್ತ್ರಚಿಕಿತ್ಸೆಗೆ ಮಾಡಿದ ರಂಧ್ರದತ್ತ ತಾನೇ ಬರುತ್ತದೆ. ಭಾರದ್ದು ಮಲಗಿದ ರೋಗಿಯ ಕಣ್ಣಿನ ಹಿಂಭಾಗದಲ್ಲಿ, ನೋಟದ ಕೇಂದ್ರ ಮತ್ತು ದೃಷ್ಟಿನರದ ಮೇಲೆ ಕೂರುತ್ತದೆ. ಅಲ್ಲಿಯವರೆಗೆ ನಳಿಗೆ ಇಳಿಸಿ ಬಲವಾಗಿ ಹೀರಬೇಕು. ಕೆಲವೊಮ್ಮೆ ಅಂಟಿಕೊಂಡ ಹನಿಗಳು ಹಾಗೇ ಉಳಿಯುತ್ತವೆ. ಹಾಗೆಂದು ಇದನ್ನು ಕೈಬಿಡಬೇಕೆಂದು ನಾನು ವಾದಿಸುತ್ತಿಲ್ಲ. ಕೆಳಭಾಗ ಮರಳಿ ಕಳಚಿ, ಹಗುರ ಎಣ್ಣೆ ಸೋತು, ಬೋರಲು ಮಲಗಲಾಗದ ರೋಗಿಗೆ ಇದು ನ್ಯಾಯವಾದ ಎರಡನೆಯ ದಾರಿ. ಆದರೆ ಎಣ್ಣೆ ತುಂಬುವ ದಿನವೇ ತೆಗೆಯುವ ದಿನವನ್ನೂ ಗೊತ್ತುಮಾಡಬೇಕು. ಹೆಚ್ಚು ಕಾಲ ಒಳಗಿದ್ದಷ್ಟೂ ಹನಿಯೊಡೆಯುವ ಅಪಾಯ ಏರುವುದರಿಂದ ಸುಮಾರು ಮೂರು ತಿಂಗಳಲ್ಲಿ ಅದು ಹೊರಬರಬೇಕು. ಅಷ್ಟರೊಳಗೆ ಒತ್ತಡ ಪರೀಕ್ಷೆಗೆ ಬರಲಾಗದಷ್ಟು ದೂರದಲ್ಲಿರುವವರಿಗೆ ಈ ಎಣ್ಣೆ ತುಂಬದಿರುವುದೇ ಮೇಲು.