ಫಿರಂಗಿ ಹೋದ ದಾರಿಯಲ್ಲಿ ಬಸ್ಸು

ಮಕ್ಕಳೇ, ಅವರ ಪಕ್ಕದಲ್ಲೇ ಕನ್ನಡಕ ಒರೆಸಿಕೊಂಡು ಕೂತಿರುವ ಅಜ್ಜ-ಅಜ್ಜಿಯರೇ,

ಮಳವಳ್ಳಿಯಿಂದ ಏಳನೇ ತರಗತಿಯ ಹುಡುಗಿಯೊಬ್ಬಳು ಕಾಗದ ಬರೆದಿದ್ದಾಳೆ. "ತಾತ, ಟಿ.ವಿ.ಯಲ್ಲಿ ಯಾವುದೋ ದೇಶದ ಬೆಟ್ಟದಲ್ಲಿ ಸೈನಿಕರು ರಸ್ತೆ ಮಾಡುತ್ತಿದ್ದುದನ್ನು ತೋರಿಸಿದರು. ಒಬ್ಬರು ಬಂದೂಕು ಹಿಡಿದು ಕಾಯುತ್ತಾರೆ, ಇನ್ನೊಬ್ಬರು ಜಲ್ಲಿ ಸುರಿಯುತ್ತಾರೆ. ಸೈನಿಕರ ಕೆಲಸ ಯುದ್ಧ ಮಾಡುವುದಲ್ಲವೇ? ರಸ್ತೆ ಮಾಡುವುದಕ್ಕೆ ಅವರು ಬೇರೆ ದೇಶಕ್ಕೆ ಯಾಕೆ ಹೋಗಬೇಕು?" ಎಂದು ಕೇಳಿದ್ದಾಳೆ.

ಜಾಣ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ನಾವು ದೂರದ ಬೆಟ್ಟಕ್ಕೆ ಹೋಗಬೇಕಾಗಿಲ್ಲ. ನಮ್ಮ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಕೂತು, ಪಕ್ಕದ ಸೀಮೆಗಳಿಗೆ ರಸ್ತೆ ಕಡಿಸಿ, ದಂಗೆ ಅಡಗಿಸಲು ಹೊರಟ ಪರದೇಶಿ ಸೇನಾಧಿಕಾರಿಯೊಬ್ಬ ಇದ್ದ. ಅವನ ಕಥೆ ಹೇಳುತ್ತೇನೆ. ಅದಕ್ಕೆ ಮೊದಲು, ಸೈನ್ಯಕ್ಕೆ ರಸ್ತೆ ಎಂದರೆ ಏನು ಅನ್ನುವುದು ನಿಮಗೆ ತಿಳಿಯಬೇಕು.

1791ನೇ ಇಸವಿ, ಮೇ ತಿಂಗಳು. ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರನ್ನು ಹಿಡಿದು, ದೊಡ್ಡ ದಂಡು ಕಟ್ಟಿಕೊಂಡು ಶ್ರೀರಂಗಪಟ್ಟಣದ ಮೇಲೆ ಬಂದ. ಕಾವೇರಿ ದಂಡೆಯ ನಮ್ಮ ಅರಕೆರೆಯ ಬಳಿ ಮೇ 15ರಂದು ಟಿಪ್ಪು ಸುಲ್ತಾನನ ಸೈನ್ಯದೊಡನೆ ಕಾಳಗವಾಯಿತು. ಕಾಳಗದಲ್ಲಿ ಇಂಗ್ಲಿಷರ ಕೈ ಮೇಲಾಯಿತು. ಆದರೂ ಅವರು ಕೋಟೆ ಹಿಡಿಯಲಾಗಲಿಲ್ಲ. ಯಾಕೆ ಗೊತ್ತೇ? ಮಳೆ ಹಿಡಿಯಿತು, ನೆಲ ಕೆಸರಾಯಿತು. ಮೇವಿಲ್ಲದೆ, ರೋಗ ಬಡಿದು ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಗೋಡೆ ಒಡೆಯುವ ಭಾರಿ ಫಿರಂಗಿಗಳನ್ನು ಎಳೆಯಲು ಎತ್ತಿಲ್ಲ, ಉರುಳಿಸಲು ದಾರಿಯಿಲ್ಲ. ಕೊನೆಗೆ ಕಣ್ಣಂಬಾಡಿಯ ಹತ್ತಿರ ಕಾರ್ನ್‌ವಾಲಿಸ್ ತನ್ನ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಹಿಂದಿರುಗಿದ. ನೀವು ಕೆ.ಆರ್.ಎಸ್. ನೋಡಲು ಹೋಗುತ್ತೀರಲ್ಲ, ಆ ಕಡೆಯ ಮಾತು ಇದು. ಗೆದ್ದ ಸೈನ್ಯವನ್ನು ಕೆಸರು ಸೋಲಿಸಿತು.

ಎಂಟು ವರ್ಷ ಬಿಟ್ಟು, 1799ರಲ್ಲಿ, ಜನರಲ್ ಹ್ಯಾರಿಸ್ ಬಂದ. ಆಗ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಬರಲು ಇದ್ದ ದಾರಿಗಳಲ್ಲಿ ಒಂದು ಚನ್ನಪಟ್ಟಣ, ಮದ್ದೂರಿನ ಮೇಲೆ. ಇನ್ನೊಂದು ಕನಕಪುರ, ಮಳವಳ್ಳಿಯ ಮೇಲೆ. ಹ್ಯಾರಿಸ್ ಕನಕಪುರದ ದಾರಿ ಹಿಡಿದ. ಟಿಪ್ಪು ಮದ್ದೂರು ಹೊಳೆಯ, ಅಂದರೆ ನಮ್ಮ ಶಿಂಷೆಯ, ದಂಡೆಯಲ್ಲಿ ಬೀಡುಬಿಟ್ಟಿದ್ದವನು ಮಳವಳ್ಳಿಯಲ್ಲಿ ಅಡ್ಡಗಟ್ಟಿದ. ಮಾರ್ಚ್ 27ರಂದು ಅಲ್ಲಿ ಕಾಳಗವಾಯಿತು. ಮಳವಳ್ಳಿಯ ಮಕ್ಕಳೇ, ನಿಮ್ಮೂರ ಹೆಸರು ಇಂಗ್ಲೆಂಡಿನ ಯುದ್ಧದ ಪುಸ್ತಕಗಳಲ್ಲೂ ಇದೆ.

ಆಮೇಲೆ ಹ್ಯಾರಿಸ್ ನೇರ ದಾರಿಯಲ್ಲಿ ಹೋಗಲಿಲ್ಲ. ಆ ದಾರಿಯ ಮೇವನ್ನು ಟಿಪ್ಪುವಿನ ಕಡೆಯವರು ಹಾಳುಮಾಡಿದ್ದರು. ಮೇವಿಲ್ಲದಿದ್ದರೆ ಎತ್ತು ಬದುಕುವುದಿಲ್ಲ, ಎತ್ತಿಲ್ಲದಿದ್ದರೆ ಫಿರಂಗಿ ಕದಲುವುದಿಲ್ಲ. ಅವನು ತೆಂಕಣಕ್ಕೆ ತಿರುಗಿ ಸೋಸಲೆಯ ಬಳಿ ಕಾವೇರಿಯನ್ನು ಹಾಯ್ದು, ಏಪ್ರಿಲ್ 5ರ ಹೊತ್ತಿಗೆ ಶ್ರೀರಂಗಪಟ್ಟಣದ ಎದುರು ಬಂದು ನಿಂತ. ಇವತ್ತು ಬಸ್ಸಿನಲ್ಲಿ ಎರಡು ಗಂಟೆಯೂ ಹಿಡಿಯದ ದೂರಕ್ಕೆ ಒಂದು ವಾರಕ್ಕಿಂತ ಹೆಚ್ಚು ಹಿಡಿಯಿತು. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ.

ಈಗ ನಮ್ಮ ಕಥೆಯ ಅಧಿಕಾರಿ ಬರುತ್ತಾನೆ. ಅವನ ಹೆಸರು ಆರ್ಥರ್ ವೆಲ್ಲೆಸ್ಲಿ. ಮಳವಳ್ಳಿಯ ಕಾಳಗದಲ್ಲೂ ಇದ್ದವನು. ಮುಂದೆ 1815ರಲ್ಲಿ ವಾಟರ್ಲೂ ಎಂಬಲ್ಲಿ ನೆಪೋಲಿಯನ್ನನನ್ನು ಸೋಲಿಸಿ, ವೆಲಿಂಗ್ಟನ್ನಿನ ಡ್ಯೂಕ್ ಎಂದು ಜಗತ್ತಿಗೆಲ್ಲ ಹೆಸರಾದವನು. ಆದರೆ ಆಗ ಅವನಿಗೆ ಮೂವತ್ತೇ ವರ್ಷ. ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ಅವನಿಗೆ ಬಂತು. ದರಿಯಾ ದೌಲತ್ ಅರಮನೆಯಲ್ಲಿ ಅವನ ಬಿಡಾರ.

ಕೋಟೆ ಬಿದ್ದರೆ ಯುದ್ಧ ಮುಗಿಯಿತು ಎಂದು ಪಾಠದಲ್ಲಿ ಓದುತ್ತೇವೆ. ನಿಜವಾಗಿ ಹಾಗೆ ಮುಗಿಯುವುದಿಲ್ಲ. ಕಾಡಿನ ಸೀಮೆಗಳಲ್ಲಿ ಕಂಪನಿಗೆ ತಲೆಬಾಗದ ಅರಸರೂ ಪಾಳೆಯಗಾರರೂ ಇದ್ದರು. ಅವರಲ್ಲಿ ಒಬ್ಬ ವಯನಾಡಿನ ಕಾಡುಗಳಲ್ಲಿ ನೆಲೆನಿಂತಿದ್ದ ಕೇರಳವರ್ಮ ಪಳಶ್ಶಿ ರಾಜ. 1797ರಲ್ಲಿಯೇ ಪೆರಿಯ ಕಣಿವೆಯಲ್ಲಿ ಕಂಪನಿಯ ಸೈನ್ಯವನ್ನು ಅಡಗಿ ಹೊಡೆದು ಹಿಮ್ಮೆಟ್ಟಿಸಿದ್ದ ಗಟ್ಟಿಗ. ಅವನ ಜೊತೆಗೆ ನಾಯರ್ ವೀರರೂ ಬಿಲ್ಲು ಹಿಡಿದ ಕುರಿಚ್ಯರೂ ಇದ್ದರು. ಕುರಿಚ್ಯರಿಗೆ ಆ ಕಾಡಿನ ಒಂದೊಂದು ಕಾಲುದಾರಿಯೂ ತಮ್ಮ ಮನೆಯ ಅಂಗಳ ಇದ್ದ ಹಾಗೆ.

ಕೆಂಪು ಕೋಟಿನ ಸಿಪಾಯಿಗಳ ಸಾಲೊಂದು ಒಬ್ಬರ ಹಿಂದೆ ಒಬ್ಬರು ಮಾತ್ರ ನಡೆಯಬಹುದಾದ ಕಾಡಿನ ಜಾಡಿನಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಎಡಗಡೆ ಬಿದಿರು ಮೆಳೆ, ಬಲಗಡೆ ಬಿದಿರು ಮೆಳೆ. ಬಾಣ ಎಲ್ಲಿಂದ ಬಂತು ಎಂದು ತಿಳಿಯುವಷ್ಟರಲ್ಲಿ ಬಿಟ್ಟವನು ಮಾಯ. ಅಲ್ಲಿ ನೂರು ಜನ ಸಿಪಾಯಿಗಳೂ ಹತ್ತು ಜನಕ್ಕೆ ಸಮ.

ವೆಲ್ಲೆಸ್ಲಿ ಶ್ರೀರಂಗಪಟ್ಟಣದಲ್ಲಿ ಕೂತು ಹಾಕಿದ ಲೆಕ್ಕ ಹೀಗಿತ್ತು: ಕಾಡಿನೊಳಗೆ ಓಡಿ ಅವರನ್ನು ಹಿಡಿಯಲು ಹೋಗಬಾರದು. ಮೊದಲು ಕಾಡನ್ನು ಕಡಿದು ಅಗಲವಾದ ರಸ್ತೆ ತೆಗೆಯಬೇಕು. ದಾರಿಯ ಉದ್ದಕ್ಕೂ ಠಾಣ್ಯ ಹಾಕಬೇಕು. ಒಂದು ಠಾಣ್ಯಕ್ಕೆ ಕಷ್ಟ ಬಂದರೆ ಇನ್ನೊಂದರಿಂದ ನೆರವು ಬೇಗ ಬರಬೇಕು. ಅಕ್ಕಿ, ಮದ್ದುಗುಂಡು ಗಾಡಿಯಲ್ಲಿ ಬರಬೇಕು. ಸೈನ್ಯದ ಜೊತೆಗೆ ಪಯೋನಿಯರ್ ಎಂಬ ಪಡೆ ಇರುತ್ತಿತ್ತು. ಅವರ ಆಯುಧ ಕೊಡಲಿ, ಗುದ್ದಲಿ, ಹಾರೆ. ಮಳವಳ್ಳಿಯ ಹುಡುಗಿ ಟಿ.ವಿ.ಯಲ್ಲಿ ನೋಡಿದ ಜಲ್ಲಿ ಸುರಿಯುವ ಸೈನಿಕರ ಮುತ್ತಾತಂದಿರು ಇವರೇ ಎನ್ನಿ. 1801ರ ಮೊದಲ ತಿಂಗಳುಗಳಲ್ಲಿ ವೆಲ್ಲೆಸ್ಲಿಯನ್ನು ಸಿಂಹಳದ ಕಡೆಗೆ ಕಳಿಸಿದ್ದರಿಂದ, ಕರ್ನಲ್ ಸ್ಟೀವನ್‌ಸನ್ ಎಂಬವನು ಮೈಸೂರು ಕಡೆಯಿಂದ ವಯನಾಡಿಗೆ ನುಗ್ಗಿ ಠಾಣ್ಯಗಳನ್ನು ಹಾಕಿದ.

ಹಾಗಾದರೆ ರಸ್ತೆ ಬಂತು, ದಂಗೆ ಅಡಗಿತು ಅನ್ನೋಣವೇ? ಇಲ್ಲ. 1802ರ ಅಕ್ಟೋಬರಿನಲ್ಲಿ ಎಡಚ್ಚೇನ ಕುಂಗನ್, ತಲಕ್ಕಲ್ ಚಂದು ಎಂಬ ಇಬ್ಬರು ನಾಯಕರು ಕುರಿಚ್ಯರ ಬಿಲ್ಲುಪಡೆ ಕಟ್ಟಿಕೊಂಡು ಪನಮರಂ ಠಾಣ್ಯದ ಮೇಲೆ ಬಿದ್ದರು. ಅಲ್ಲಿದ್ದ ಸುಮಾರು 70 ಸಿಪಾಯಿಗಳು ಸತ್ತರು. ಅದೇ ಸೀಮೆಯಲ್ಲಿ ಬೇರೆ ಪಡೆ ಇದ್ದರೂ ನೆರವು ಹೊತ್ತಿಗೆ ಬರಲಿಲ್ಲ. ಇದಾದ ಮೇಲೂ ಮೂರು ವರ್ಷ ಕಾಡು ಉರಿಯಿತು. 1805ರ ನವೆಂಬರ್ 30ರಂದು ಪಳಶ್ಶಿ ರಾಜ ಪ್ರಾಣಬಿಟ್ಟ ಮೇಲೆಯೇ ಅದು ತಣ್ಣಗಾದದ್ದು. ನೋಡಿ, ರಸ್ತೆ ಫಿರಂಗಿಯನ್ನು ಸಾಗಿಸಬಲ್ಲದು. ಜನರ ಮನಸ್ಸನ್ನು ಸಾಗಿಸುವ ಗಾಡಿ ಅದರ ಮೇಲೆ ಓಡುವುದಿಲ್ಲ.

ಎರಡನೆಯ ಕಥೆ ನಮ್ಮದೇ ಕನ್ನಡ ಸೀಮೆಯದು. ಇವತ್ತಿನ ಸಕಲೇಶಪುರದ ಸುತ್ತಿನ ಮಲೆನಾಡನ್ನು ಆಗ ಬಲಂ ಸೀಮೆ ಎನ್ನುತ್ತಿದ್ದರು. ಐಗೂರಿನ ಪಾಳೆಯಗಾರ ಕೃಷ್ಣಪ್ಪ ನಾಯಕ ಅಲ್ಲಿ ಕಂಪನಿಗೂ, ಕಂಪನಿ ಕೂರಿಸಿದ ಮೈಸೂರು ಸರ್ಕಾರಕ್ಕೂ ಎದುರು ನಿಂತ. ಅವನ ಬಲವಾದ ನೆಲೆಯ ಹೆಸರೂ ಅರಕೆರೆಯೇ. ಶ್ರೀರಂಗಪಟ್ಟಣದ ಪಕ್ಕದ ಅರಕೆರೆಯೇ ಬೇರೆ, ಇದೇ ಬೇರೆ, ಪರೀಕ್ಷೆಯಲ್ಲಿ ಗೊಂದಲ ಮಾಡಿಕೊಳ್ಳಬೇಡಿ. ಆ ಸೀಮೆಯ ಹಳ್ಳಿಗಳ ಸುತ್ತ ದಟ್ಟವಾದ ಮುಳ್ಳುಬೇಲಿ, ಒಳಗೆ ಕಂದಕ, ಅದರ ಸುತ್ತ ಕಾಡು. 1800ರ ಏಪ್ರಿಲಿನಲ್ಲಿ ಮೊದಲ ಸಲ ಮೇಲೆ ಬಿದ್ದ ಕಂಪನಿ ಪಡೆ ಪೆಟ್ಟು ತಿಂದು ಹಿಂದೆ ಸರಿಯಿತು. 1802ರ ಜನವರಿ 16ರಂದು ವೆಲ್ಲೆಸ್ಲಿ ತಾನೇ ಹೋಗಿ, ಪಡೆಯನ್ನು ಮೂರು ಭಾಗ ಮಾಡಿ ನುಗ್ಗಿಸಿ ಅರಕೆರೆಯನ್ನು ಹಿಡಿದ. ಕೃಷ್ಣಪ್ಪ ನಾಯಕ ತಪ್ಪಿಸಿಕೊಂಡ. ಫೆಬ್ರವರಿಯಲ್ಲಿ ಸಿಕ್ಕಿಬಿದ್ದ, ಮಾರನೆಯ ದಿನವೇ ಅವನನ್ನು ಗಲ್ಲಿಗೇರಿಸಿದರು.

ಆಮೇಲೆ ಏನು ಮಾಡಿದರು ಅನ್ನುವುದೇ ನಮಗೆ ಮುಖ್ಯ. ಹಳ್ಳಿಗಳ ಬೇಲಿ ಕಡಿಸಿದರು, ಕಂದಕ ಮುಚ್ಚಿಸಿದರು, ಜನರ ಕೈಯಿಂದ ಆಯುಧ ತೆಗೆದುಕೊಂಡರು, ಕಾಡಿನ ನಡುವೆ ರಸ್ತೆ ತೆಗೆಸಿದರು. ಅಜ್ಜಿಯರೇ, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಮನೆಗೆ ಬೇಲಿ ಯಾಕೆ ಇರುತ್ತದೆ? ಕಳ್ಳಕಾಕರು ಬರದಿರಲಿ ಎಂದು, ರಾತ್ರಿ ನೆಮ್ಮದಿಯಾಗಿ ನಿದ್ದೆ ಬರಲಿ ಎಂದು. ಬೇಲಿ ಕಿತ್ತು ಬಾಗಿಲ ತನಕ ರಸ್ತೆ ಮಾಡಿಸಿದವನು "ನಿಮ್ಮ ಅನುಕೂಲಕ್ಕೇ ಮಾಡಿದ್ದೇನೆ" ಎಂದರೆ ಆ ಮನೆಯವರಿಗೆ ಹೇಗೆ ಅನ್ನಿಸಿರಬೇಕು?

ಹಾಗೆಂದು ಆ ಕಾಲದ ಕಟ್ಟಡವೆಲ್ಲ ಕೆಟ್ಟದ್ದು ಎಂದೂ ನಾನು ಹೇಳುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ವೆಲ್ಲೆಸ್ಲಿ ಸೇತುವೆ ಇದೆ. ದಿವಾನ್ ಪೂರ್ಣಯ್ಯನವರು ಕಟ್ಟಿಸಿ 1804ರಲ್ಲಿ ಮುಗಿಸಿದ್ದು. ನಮ್ಮ ಅಧಿಕಾರಿಯ ಅಣ್ಣ, ಗವರ್ನರ್ ಜನರಲ್ ಆಗಿದ್ದ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರು ಅದಕ್ಕೆ. ನಾನು ಅದರ ಮೇಲೆ ನಡೆದಿದ್ದೇನೆ, ಕೆಳಗೆ ಇಳಿದು ಕಂಬಗಳನ್ನು ಮುಟ್ಟಿಯೂ ನೋಡಿದ್ದೇನೆ. ದೇವಸ್ಥಾನದ ಮಂಟಪಕ್ಕೆ ನಿಲ್ಲಿಸುತ್ತಾರಲ್ಲ, ಅಂಥವೇ ಕಲ್ಲಿನ ಕಂಬಗಳು. ಅವುಗಳ ಮೇಲೆ ಕಲ್ಲಿನ ತೊಲೆ, ಚಪ್ಪಡಿ. ಹೆಸರು ಇಂಗ್ಲಿಷರದು, ಕೈಕೆಲಸ ನಮ್ಮ ಕಲ್ಲುಕುಟಿಗರದು. ಎಷ್ಟು ಪ್ರವಾಹ ಕಂಡಿತೋ, ಇನ್ನೂ ನಿಂತಿದೆ.

ಈ ಉಪಾಯ ವೆಲ್ಲೆಸ್ಲಿ ಕಂಡುಹಿಡಿದದ್ದೇನೂ ಅಲ್ಲ. ಅವನಿಗಿಂತ ಮುಂಚೆ, 1725ರಿಂದ ಮುಂದಕ್ಕೆ, ಸ್ಕಾಟ್ಲೆಂಡಿನ ಬೆಟ್ಟದ ಜನರನ್ನು ಹತೋಟಿಯಲ್ಲಿಡಲು ಜನರಲ್ ವೇಡ್ ಎಂಬವನು ಸೈನಿಕರಿಂದಲೇ ಸುಮಾರು 250 ಮೈಲಿ ರಸ್ತೆ ಮಾಡಿಸಿದ್ದ. ಇಲ್ಲೊಂದು ತಮಾಷೆ ಕೇಳಿ. 1745ರಲ್ಲಿ ಅದೇ ಬೆಟ್ಟದ ಜನ ದಂಗೆ ಎದ್ದಾಗ, ರಾಜಕುಮಾರ ಚಾರ್ಲ್ಸ್ ಎಡ್ವರ್ಡನ ದಂಡು ಬೆಟ್ಟ ದಾಟಿ ಇಳಿದದ್ದು ವೇಡ್ ಮಾಡಿಸಿದ ರಸ್ತೆಯಲ್ಲೇ! ಯಾರನ್ನು ಅಡಗಿಸಲು ರಸ್ತೆ ಮಾಡಿದರೋ ಅವರೇ ಅದರ ಮೇಲೆ ನಡೆದರು. ರಸ್ತೆ ಯಾರ ಕಾಲು ಎಂದು ಕೇಳುವುದಿಲ್ಲ ಮಕ್ಕಳೇ.

ನಮ್ಮ ಕಾಲಕ್ಕೆ ಬರೋಣ. ಅಫ್ಘಾನಿಸ್ತಾನದಲ್ಲಿ ಅಮೆರಿಕದವರು 2001ರ ನಂತರ ಇದೇ ನಂಬಿಕೆಯಿಂದ ನೂರಾರು ಕೋಟಿ ಸುರಿದು ರಸ್ತೆ ಮಾಡಿಸಿದರು. ರಸ್ತೆ ಬಂದರೆ ಸರ್ಕಾರ ಬರುತ್ತದೆ, ಸರ್ಕಾರ ಬಂದರೆ ತಾಲಿಬಾನಿಗಳು ಹೋಗುತ್ತಾರೆ ಎಂಬ ಎಣಿಕೆ. ಆ ದಾರಿಗಳಲ್ಲೇ ಬಾಂಬು ಹೂಳಿದರು. 2021ರ ಆಗಸ್ಟಿನಲ್ಲಿ ತಾಲಿಬಾನಿಗಳು ಕಾಬೂಲಿಗೆ ಬಂದದ್ದೂ ಆ ರಸ್ತೆಗಳ ಮೇಲೆಯೇ. ನಮ್ಮ ಭಾರತವೂ ಅಲ್ಲಿ ಒಂದು ರಸ್ತೆ ಕಟ್ಟಿತು. ಝರಂಜಿನಿಂದ ದಿಲಾರಾಮಿಗೆ 218 ಕಿಲೋಮೀಟರ್. ಕಟ್ಟಿದವರು ನಮ್ಮ ಗಡಿ ರಸ್ತೆಗಳ ಸಂಸ್ಥೆಯವರು. 2009ರ ಜನವರಿಯಲ್ಲಿ ಅಫ್ಘನ್ನರಿಗೆ ಒಪ್ಪಿಸಿದರು. ನಾವು ದಂಗೆ ಅಡಗಿಸಲು ಹೋದವರಲ್ಲ. ಆ ದೇಶದ ಸರಕು ಇರಾನಿನ ಬಂದರಿಗೆ ಸೇರಲಿ ಎಂದು ಮಾಡಿದ್ದು. ಆದರೂ ಕೆಲಸದ ಮೇಲೆ ದಾಳಿಗಳಾದವು. ಕೇರಳದಿಂದ ಹೋಗಿದ್ದ ಒಬ್ಬ ಚಾಲಕರನ್ನು 2005ರಲ್ಲಿ ಎಳೆದೊಯ್ದು ಕೊಂದರು. ಕಾವಲಿಗಿದ್ದ ನಮ್ಮವರೂ, ಅವರಿಗಿಂತ ಎಷ್ಟೋ ಹೆಚ್ಚು ಅಫ್ಘನ್ ಕೂಲಿಗಳೂ ಕಾವಲುಗಾರರೂ ಸತ್ತರು. ಬಂದೂಕು ಹಿಡಿದವನು ಪಕ್ಕದಲ್ಲಿ ಯಾಕೆ ನಿಂತಿರುತ್ತಾನೆ ಎಂದು ಈಗ ತಿಳಿಯಿತಲ್ಲ?

ಅಂದರೆ ದಂಡಿಗಾಗಿ ಮಾಡಿದ ರಸ್ತೆ ಎಂದೆಂದಿಗೂ ದಂಡಿನದೇ ಆಗಿ ಉಳಿಯುತ್ತದೆಯೇ? ಅದೂ ಇಲ್ಲ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ ಆದವು. ನಗರದ ರೈತರ ದಂಗೆಯ ನಂತರವೇ ಇಂಗ್ಲಿಷರು ಆಡಳಿತವನ್ನು ಕೈಗೆ ತೆಗೆದುಕೊಂಡದ್ದು, ಆದ್ದರಿಂದ ದಂಡಿನ ಲೆಕ್ಕವೂ ಅದರಲ್ಲಿ ಇದ್ದೇ ಇತ್ತು. ಆದರೆ ಬಲಂ ಸೀಮೆಯ ಘಾಟಿಗಳಲ್ಲಿ ಫಿರಂಗಿಯ ಬದಲು ಕಾಫಿ ಮೂಟೆ ಇಳಿಯಿತು, ಉಪ್ಪು ಹತ್ತಿತು. ಆಮೇಲೆ ಬಸ್ಸು ಬಂತು, ಹೆರಿಗೆಗೆ ಆಸ್ಪತ್ರೆಗೆ ಹೋಗುವ ಹೆಂಗಸರು ಬಂದರು, ಪಾಟೀಚೀಲ ಹೊತ್ತ ಮಕ್ಕಳು ಬಂದರು. ಮಾಡಿಸಿದವರ ಉದ್ದೇಶ ಅವರ ಜೊತೆ ಹೋಯಿತು, ರಸ್ತೆ ನಡೆಯುವವರ ಪಾಲಿಗೆ ಉಳಿಯಿತು.

ಅದಕ್ಕೇ ನಾನು ಯಾವ ರಸ್ತೆ ನೋಡಿದರೂ ಎರಡು ಪ್ರಶ್ನೆ ಕೇಳುತ್ತೇನೆ. ಇದು ಯಾರಿಗಾಗಿ ಆದದ್ದು? ಇದರ ಪಕ್ಕದಲ್ಲಿ ಬದುಕುವವರನ್ನು ಯಾರಾದರೂ ಕೇಳಿದರೇ? ಶಾಂತಿಯ ಕಾಲದಲ್ಲೂ ಈ ಪ್ರಶ್ನೆ ಹಳತಾಗುವುದಿಲ್ಲ. ನಮ್ಮ ಬೆಂಗಳೂರು-ಮೈಸೂರು ದಶಪಥವನ್ನೇ ನೋಡಿ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಅದರ ಉದ್ಘಾಟನೆ ಆಯಿತು. ಕಾರಿನವರಿಗೆ ಬಹಳ ಅನುಕೂಲ, ಸಂತೋಷವೇ. ಆದರೆ ಅದು ಮದ್ದೂರು, ಮಂಡ್ಯ ಊರುಗಳನ್ನು ಬಳಸಿಕೊಂಡು ಹೋಗುತ್ತದೆ. ಹಳೆಯ ರಸ್ತೆಯಲ್ಲಿ ವಡೆ, ಕಾಫಿ, ಎಳನೀರು ಮಾರುತ್ತಿದ್ದವರಿಗೆ ಗಿರಾಕಿ ಕಡಿಮೆಯಾದರು. ಆ ವರ್ಷದ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರು ಅದರ ಮುಖ್ಯ ದಾರಿಗೆ ಹತ್ತುವಂತಿಲ್ಲ. ಕಬ್ಬಿನ ಗದ್ದೆ ಆ ಕಡೆ, ಮನೆ ಈ ಕಡೆ ಇರುವ ರೈತ ಕೆಳದಾರಿ ಹುಡುಕಿಕೊಂಡು ಸುತ್ತಬೇಕು. ಅಪಘಾತ ತಪ್ಪಿಸಲು ನಿಯಮ ಬೇಕು, ನಿಜ. ಆದರೆ ಲೆಕ್ಕ ಹಾಕುವವರು ಆ ರೈತನ ಹೆಜ್ಜೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈ ವಾರ ನಿಮಗೊಂದು ಕೆಲಸ. ಅಜ್ಜ ಅಥವಾ ಅಜ್ಜಿಯ ಜೊತೆ ನಿಮ್ಮೂರಿನ ಮುಖ್ಯ ರಸ್ತೆಯ ತನಕ ನಡೆದು ಹೋಗಿ. ಈ ದಾರಿ ಅವರ ಚಿಕ್ಕಂದಿನಲ್ಲಿ ಹೇಗಿತ್ತು, ಮಣ್ಣು ಹೊತ್ತವರು ಯಾರು, ಯಾರ ಹೊಲ ಹೋಯಿತು, ಮೊದಲ ಬಸ್ಸು ಬಂದಾಗ ಊರು ಏನು ಮಾಡಿತು, ಎಲ್ಲ ಕೇಳಿ. ಒಂದು ಪುಟದಲ್ಲಿ ಬರೆದು ನನಗೆ ಕಳಿಸಿ. ಅಜ್ಜ-ಅಜ್ಜಿಯರೇ, "ಅದೆಲ್ಲ ಈಗ ಯಾಕೆ ಮಗಾ" ಎಂದು ಹೇಳಿ ತಪ್ಪಿಸಿಕೊಳ್ಳಬೇಡಿ. ವೆಲ್ಲೆಸ್ಲಿಯ ಕಾಗದಗಳು ಅಚ್ಚಾಗಿ ದಪ್ಪ ದಪ್ಪ ಪುಸ್ತಕಗಳಾಗಿವೆ. ಆ ರಸ್ತೆಗೆ ಮರ ಕಡಿದವರ, ಕಲ್ಲು ಹೊತ್ತವರ ಮಾತನ್ನು ಯಾರೂ ಬರೆದಿಡಲಿಲ್ಲ. ನಿಮ್ಮ ರಸ್ತೆಯ ಮಾತಾದರೂ ಮೊಮ್ಮಕ್ಕಳ ಕೈಬರಹದಲ್ಲಿ ಉಳಿಯಲಿ.