ಮೂಲ ಜೀಪು ಯಾವುದು?

ಮಲೆನಾಡಿನ ಸಣ್ಣ ಪೇಟೆಗಳ ಗ್ಯಾರೇಜುಗಳಿಗೆ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಗಿರಾಕಿಯೊಬ್ಬ ಬರತೊಡಗಿದ್ದಾನೆ. ಆತ ಊರೂರು ಅಲೆದು, ಕೊಟ್ಟಿಗೆಯ ಪಕ್ಕದಲ್ಲೋ ಅಡಿಕೆ ಚಪ್ಪರದ ಕೆಳಗೋ ನಿಂತಿರುವ ಹಳೆಯ ಜೀಪನ್ನು ಹುಡುಕಿ ಕೊಳ್ಳುತ್ತಾನೆ. ಗ್ಯಾರೇಜಿಗೆ ತಂದು ನಿಲ್ಲಿಸಿ, ‘ಇದನ್ನು ಒರಿಜಿನಲ್ ಮಾಡಿಕೊಡಿ’ ಎನ್ನುತ್ತಾನೆ. ಒರಿಜಿನಲ್ ಎಂದರೆ ಡೀಸೆಲ್ ಎಂಜಿನ್ ಇಳಿಯಬೇಕು, ಉದ್ದ ಮಾಡಿದ ಹಿಂಬದಿಯನ್ನು ಕತ್ತರಿಸಬೇಕು, ಸೈನ್ಯದ ಹಸಿರು ಬಣ್ಣ ಬಳಿಯಬೇಕು, ಬಾನೆಟ್ಟಿನ ಮೇಲೆ ಬಿಳಿಯ ನಕ್ಷತ್ರ ಮೂಡಬೇಕು. ಆ ಜೀಪು ಅಮೆರಿಕದ ಸೈನ್ಯದಲ್ಲಿ ಒಂದು ದಿನವಾದರೂ ದುಡಿದಿತ್ತೇ ಎಂದು ಕೇಳುವವರಿಲ್ಲ.

ಮೂಲ ಬಿಡಿಭಾಗಗಳ ಹುಡುಕಾಟವನ್ನು ಬರಿಯ ಶೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ. ಅದರ ಹಿಂದೆ ನಿಜವಾದ ವಿದ್ಯೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳೆರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಒಂದೇ ನಕ್ಷೆಯಂತೆ ತಯಾರಿಸಿದವು. ಫೋರ್ಡ್ ಮಾತ್ರ ತನ್ನ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರವನ್ನು ಅಚ್ಚೊತ್ತಿತು. ಮೊದಮೊದಲ ವಿಲ್ಲೀಸ್ ಜೀಪಿನ ಮುಂಬದಿಯ ಜಾಲರಿ ಕಬ್ಬಿಣದ ಪಟ್ಟಿಗಳನ್ನು ಬೆಸೆದು ಮಾಡಿದ್ದು. ಒಂದೇ ತಗಡನ್ನು ಒತ್ತಿ ಒಂಬತ್ತು ಸೀಳು ತೆಗೆಯುವ ಅಗ್ಗದ ಉಪಾಯ ಫೋರ್ಡಿನದು. ಯುದ್ಧ ಮುಗಿದ ಮೇಲೆ ಬಂದ ನಾಗರಿಕ ಜೀಪಿಗೆ ಏಳೇ ಸೀಳು. ಫೋರ್ಡಿನ ಚಾಸಿಸ್ ಸಂಖ್ಯೆಯನ್ನು ಉಕ್ಕಿನ ಮೇಲೆಯೇ ಕೊರೆದಿದ್ದರೆ, ವಿಲ್ಲೀಸಿನದು ಒಳಬದಿಗೆ ರಿವೆಟ್ ಹೊಡೆದ ಸಣ್ಣ ಫಲಕದಲ್ಲಿರುತ್ತದೆ. ಹಳೆಯ ತಾಮ್ರಪಟದ ಲಿಪಿಯನ್ನು ಓದುವವನಂತೆ ಈ ಗುರುತುಗಳನ್ನು ಓದಬಲ್ಲ ಮೇಸ್ತ್ರಿಗಳಿದ್ದಾರೆ. ಅವರ ಸಂಖ್ಯೆ ಕಡಿಮೆಯಾಗುತ್ತಿದೆ.

ಆದರೆ ಜೀಪಿನ ಚರಿತ್ರೆ 1945ಕ್ಕೆ ಮುಗಿಯಲಿಲ್ಲ. ಆ ವರ್ಷವೇ ವಿಲ್ಲೀಸ್ ಕಂಪನಿ ಸಿಜೆ-2ಎ ಎಂಬ ಮಾದರಿಯನ್ನು ಮುಖ್ಯವಾಗಿ ರೈತರಿಗೆಂದೇ ಹೊರತಂದಿತು. ಅದರ ಎಂಜಿನ್ನಿನ ಶಕ್ತಿಯನ್ನು ಹೊರಗಿನ ಯಂತ್ರಗಳಿಗೆ ಕೊಡುವ ಏರ್ಪಾಡನ್ನೂ ಜೋಡಿಸಿಕೊಳ್ಳಬಹುದಾಗಿತ್ತು. ಉಳುವುದಕ್ಕೆ, ಗರಗಸ ತಿರುಗಿಸುವುದಕ್ಕೆ, ಸರಕು ಎಳೆಯುವುದಕ್ಕೆ ಒಂದೇ ಬಂಡಿ ಎಂಬುದು ಕಂಪನಿಯ ಪ್ರಚಾರ. ಭಾರತದಲ್ಲಿ 1940ರ ದಶಕದ ಕೊನೆಯಿಂದ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಜೀಪುಗಳನ್ನು ಜೋಡಿಸತೊಡಗಿತು. 1953ರಲ್ಲಿ ವಿಲ್ಲೀಸ್ ಹೊರತಂದ, ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿಯ ವಂಶವೇ ಇಲ್ಲಿ ದಶಕಗಳ ಕಾಲ ಬೆಳೆಯಿತು. ಮಲೆನಾಡಿನವರು ಜೀಪು ಎಂದೊಡನೆ ನೆನೆಯುವುದು ಈ ವಂಶವನ್ನೇ.

ಬೆಟ್ಟದ ಊರಿಗೆ ಬಂದ ಮೇಲೆ ಅದು ಬೇರೆಯೇ ಬಾಳನ್ನು ಬಾಳಿತು. ಪೆಟ್ರೋಲ್ ದುಬಾರಿಯಾದಾಗ ಡೀಸೆಲ್ ಎಂಜಿನ್ ಏರಿತು. ಮೂಟೆಗಳಿಗೂ ಶಾಲೆಯ ಮಕ್ಕಳಿಗೂ ಜಾಗ ಸಾಲದೆ ಹಿಂಬದಿ ಉದ್ದವಾಯಿತು. ಮಳೆಗೆ ತಗಡು ತುಕ್ಕು ಹಿಡಿದಲ್ಲೆಲ್ಲ ಸ್ಥಳೀಯ ವೆಲ್ಡಿಂಗಿನ ತೇಪೆ ಬಿದ್ದಿತು. ಸಿಗದ ಬುಷ್ಷನ್ನು ಪೇಟೆಯ ಲೇತಿನಲ್ಲಿ ಕಡೆದು ಕೂರಿಸಲಾಯಿತು. ಬಸ್ಸು ಬಾರದ ಊರಿನಿಂದ ಬಾಣಂತಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಈ ತೇಪೆಯ ಜೀಪೇ ಹೊರತು ನಕ್ಷತ್ರದ ಜೀಪಲ್ಲ. ನಾಲ್ಕು ವರ್ಷದ ಯುದ್ಧವನ್ನು ಉಳಿಸಿಕೊಳ್ಳಲು ಐವತ್ತು ವರ್ಷದ ಮಲೆನಾಡನ್ನು ಗುಜರಿಗೆ ಹಾಕುವುದು ಎಂತಹ ಪುನರುಜ್ಜೀವನ?

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದಿನ ದೃಷ್ಟಿ ಹೆಚ್ಚು ವಿವೇಕದ್ದು. ಹೊಸದರಂತೆ ಹೊಳೆಯಿಸುವುದಕ್ಕಿಂತ ಉಳಿದದ್ದನ್ನು ಕಾಪಾಡುವುದು ಮೇಲು. ವಾಹನ ದುಡಿಯುತ್ತಿದ್ದ ಕಾಲದಲ್ಲಿ ಆದ ಮಾರ್ಪಾಡುಗಳೂ ಅದರ ಇತಿಹಾಸವೇ. ಹೊಸದಾಗಿ ಸೇರಿಸಿದ ಭಾಗಕ್ಕೆ ಗುರುತಿರಬೇಕು, ಮಾಡಿದ ಕೆಲಸಕ್ಕೆ ದಾಖಲೆಯಿರಬೇಕು ಎಂಬುದು ಅದರ ತಿರುಳು. ಭಾರತದ ಕಾನೂನು ಬೇರೆ ದಾರಿ ಹಿಡಿದಿದೆ. 2021ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಸ್, ಮೈಕಟ್ಟು ಅಥವಾ ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆಯಾಗದ ವಾಹನಕ್ಕೆ ಮಾತ್ರ ‘ವಿಎ’ ಸರಣಿಯ ವಿಂಟೇಜ್ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಅಂತಹ ವಾಹನವನ್ನು ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ವಂಚನೆ ತಡೆಯಲು ಇಂತಹ ಕಟ್ಟುಪಾಡು ಬೇಕಿರಬಹುದು, ಒಪ್ಪೋಣ. ಆದರೆ ಇದರ ಫಲವೇನು? ಡೀಸೆಲ್ ಏರಿಸಿಕೊಂಡು ದುಡಿದ ಜೀಪಿಗೆ ಗೌರವವಿಲ್ಲ. ಆ ದುಡಿಮೆಯ ಗುರುತನ್ನು ಅಳಿಸಿಕೊಂಡರೆ ಗೌರವದ ಆಸೆಯಿದೆ. ಕಿತ್ತುಹಾಕಲು ಕಾನೂನೇ ನೆಪವಾಗುತ್ತದೆ.

ಹಳೆಯ ಬಂಡಿ ಎಂದರೆ ಹೊಗೆ, ಅದನ್ನೇಕೆ ಉಳಿಸಬೇಕು ಎಂದು ಪರಿಸರದ ಕಾಳಜಿಯುಳ್ಳವರು ಕೇಳುವುದು ನ್ಯಾಯವೇ. ಇಂಜೆಕ್ಟರು ಸವೆದು ಕರಿಹೊಗೆ ಕಾರುವ ಜೀಪನ್ನು ಪರಂಪರೆಯ ಹೆಸರಿನಲ್ಲಿ ಸಮರ್ಥಿಸಲಾಗದು. ಅದನ್ನು ಸರಿಪಡಿಸಬೇಕು, ಆಗದಿದ್ದರೆ ನಿಲ್ಲಿಸಬೇಕು. ಆದರೆ ಹೊಸ ವಾಹನದ ಉಕ್ಕೂ ಯಾವುದೋ ಬೆಟ್ಟದ ಹೊಟ್ಟೆಯಿಂದಲೇ ಬರಬೇಕು. 2005ರ ಕೊನೆಯಲ್ಲಿ ನಿಂತ ಕುದುರೆಮುಖದ ಗಣಿಗಾರಿಕೆಯನ್ನೂ ಭದ್ರೆಯ ಕೆಂಪು ನೀರನ್ನೂ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಾರಕ್ಕೆ ನಾಲ್ಕಾರು ಬಾರಿ ತೋಟದಿಂದ ಪೇಟೆಗೆ ಹೋಗಿಬರುವ, ಸುಸ್ಥಿತಿಯಲ್ಲಿರುವ ಹಳೆಯ ಜೀಪನ್ನು ಕರಗಿಸಿ ಹೊಸದನ್ನು ಕೊಳ್ಳುವುದರಲ್ಲಿ ಪ್ರಕೃತಿಗೆ ಲಾಭವಿದೆಯೆಂದು ಸುಲಭವಾಗಿ ಹೇಳಲಾಗದು.

ಮೂಲ ಬಿಡಿಭಾಗವೇ ಸದಾ ಶ್ರೇಷ್ಠವೆಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಹಳೆಯ ಜೀಪಿನ ನಾಲ್ಕು ಚಕ್ರಗಳ ಬ್ರೇಕಿಗೂ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಕೊಳವೆಯ ಜಾಲ. ಎಲ್ಲಿ ಸೋರಿದರೂ ಪೆಡಲು ಕಾಲಡಿಯಲ್ಲಿ ಕುಸಿಯುತ್ತದೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುವಂಥದ್ದು. ಮಲೆನಾಡಿನಲ್ಲಿ ತೇವಕ್ಕೇನು ಬರ? ತೇವ ಹೀರಿದ ದ್ರವ ಉದ್ದನೆಯ ಇಳಿಜಾರಿನ ಬಿಸಿಗೆ ಬೇಗ ಕುದಿಯುತ್ತದೆ. ಆಗುಂಬೆ, ಚಾರ್ಮಾಡಿಗಳಲ್ಲಿ ಇಳಿಯುವ ಜೀಪಿಗೆ ಇಬ್ಭಾಗದ ಮಾಸ್ಟರ್ ಸಿಲಿಂಡರನ್ನು ಹಾಕಿಸಿ, ಹಳೆಯದಕ್ಕೆ ಚೀಟಿ ಕಟ್ಟಿ ಎತ್ತಿಡುವುದೇ ಜಾಣತನ. ರಬ್ಬರಿನ ಮಾತೂ ಅಷ್ಟೇ. ಪೊಟ್ಟಣ ಬಿಚ್ಚದ ಹಳೆಯ ದಾಸ್ತಾನಿನ ಪೈಪು, ಪೆಟ್ರೋಲ್ ಪಂಪಿನ ಪೊರೆಗಳನ್ನು ಸಂಗ್ರಾಹಕರು ಚಿನ್ನದ ಬೆಲೆ ಕೊಟ್ಟು ತರುತ್ತಾರೆ. ಕಪಾಟಿನಲ್ಲಿದ್ದರೂ ರಬ್ಬರು ಮುಪ್ಪಾಗುತ್ತದೆ. ಮೇಲಾಗಿ, ಶೇಕಡ 20 ಎಥನಾಲ್ ಬೆರೆತ ಇಂದಿನ ಪೆಟ್ರೋಲನ್ನು ಆ ಕಾಲದ ರಬ್ಬರು ತಾಳದು. ತಿಂಗಳುಗಟ್ಟಲೆ ನಿಂತ ಜೀಪಿನಲ್ಲಿ ಆ ಇಂಧನ ನೀರನ್ನೂ ಹೀರಿ ಕಾರ್ಬುರೇಟರಿನ ಲೋಹವನ್ನು ತಿನ್ನುತ್ತದೆ. ಇಲ್ಲಿ ಹೊಸ ವಸ್ತುವೇ ಹಳೆಯ ಎಂಜಿನ್ನನ್ನು ಕಾಯುತ್ತದೆ.

ಈ ಕಸುಬಿನ ಕೊಳೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಹೊಳಪು ಮಾಡಿಸುವವರು ಕೇಳುವುದಿಲ್ಲ. ಹಳೆಯ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಅದನ್ನು ಉಜ್ಜಿ ತೆಗೆದ ಧೂಳು ಮೊದಲ ಮಳೆಗೆ ಹಳ್ಳ ಸೇರುತ್ತದೆ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರಿತ್ತು. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸುವ ಹುಡುಗನ ಪುಪ್ಪುಸಕ್ಕೆ ಅದು ಇಳಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಖರ್ಚೇನೂ ಹೆಚ್ಚದು. ಎಂಜಿನ್ನಿನಿಂದ ಇಳಿಸಿದ ಸುಟ್ಟ ಎಣ್ಣೆಯನ್ನು ಗೆದ್ದಲಿನ ಮದ್ದೆಂದು ಬೇಲಿಗೂಟಕ್ಕೆ ಬಳಿಯುವ, ಮಿಕ್ಕದ್ದನ್ನು ಚರಂಡಿಗೆ ಚೆಲ್ಲುವ ರೂಢಿ ಊರಲ್ಲೇ ಇದೆ. ಅದರಲ್ಲಿ ಸವೆದ ಲೋಹಗಳ ಕಣಗಳಿರುತ್ತವೆ, ಮಣ್ಣಿನ ಜೀವಿಗಳಿಗೆ ಅದು ವಿಷ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಆ ಎಣ್ಣೆಯನ್ನು ಶೇಖರಿಸಿ ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು. ಪೇಟೆಯ ಗ್ಯಾರೇಜುಗಳು ಕೂಡಿ ಒಂದೆರಡು ಪೀಪಾಯಿಗಳನ್ನು ಇಟ್ಟುಕೊಂಡರೂ ಕೆಲಸ ಮೊದಲಾದೀತು.

ಇನ್ನುಳಿದದ್ದು ಮೇಸ್ತ್ರಿಗಳ ತಿಳಿವಳಿಕೆ. ಯಾವ ಗೇರಿನ ಹಲ್ಲು ಯಾವ ವರ್ಷದ ಪೆಟ್ಟಿಗೆಗೆ ಹೊಂದುತ್ತದೆ, ಬುಷ್ಷಿಗೆ ಎಷ್ಟು ಸಡಿಲ ಬಿಡಬೇಕು ಎಂಬುದು ಅವರ ಬೆರಳುಗಳಲ್ಲಿದೆ, ಪುಸ್ತಕದಲ್ಲಿಲ್ಲ. ಐಟಿಐಗಳಲ್ಲಿ ಓದುತ್ತಿರುವ ಬೆಟ್ಟದ ಊರಿನ ವಿದ್ಯಾರ್ಥಿಗಳು ರಜೆಯಲ್ಲಿ ಅವರ ಬಳಿ ಕುಳಿತು ಅಳತೆಗಳನ್ನು ಬರೆದುಕೊಳ್ಳಲಿ, ನಕ್ಷೆ ತೆಗೆಯಲಿ. ಜೀಪು ಮಾರುವ ಮನೆಯವರೂ ಕೊಳ್ಳುವವನ ಕೈಗೆ ಕೀಲಿ ಕೊಡುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಡಲಿ: ಡೀಸೆಲ್ ಎಂಜಿನ್ ಏರಿಸಿದ ವರ್ಷ, ಹಿಂಬದಿ ಉದ್ದ ಮಾಡಿದ ಗ್ಯಾರೇಜು, ಓಡಿಸಿದವರ ಹೆಸರು, ಹೋಗುತ್ತಿದ್ದ ದಾರಿ. ಕೊಳ್ಳುವವನಿಗೆ ಮೂಲವೇ ಬೇಕಿದ್ದರೆ ಆ ಹಾಳೆಯನ್ನೂ ಜೀಪಿನೊಂದಿಗೆ ಇಟ್ಟುಕೊಳ್ಳುತ್ತಾನೆ.