ಕ್ಷೇತ್ರಪಾಲ: ಕಾಯುವವನೋ, ಕೊಡುವವನೋ?

ನಮ್ಮ ಬಸದಿಗಳ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಗಳಲ್ಲಿ ಕ್ಷೇತ್ರಪಾಲನಿಗೆ ‘ಸಕಲ ಇಷ್ಟಾರ್ಥ ಪ್ರದಾಯಕ’ ಎಂಬ ವಿಶೇಷಣವನ್ನು ಅಚ್ಚು ಹಾಕಿಸುವುದನ್ನು ಕಾಣುತ್ತೇವೆ. ಮೂಲನಾಯಕನಾದ ತೀರ್ಥಂಕರನ ಹೆಸರಿನ ಹಿಂದೆ ಬರಿಯ ‘ಭಗವಾನ್’; ಪ್ರಾಕಾರದಲ್ಲಿ ನಿಂತು ಕಾಯುವವನಿಗೆ ಸಾಲುಗಟ್ಟಿದ ಬಿರುದುಗಳು. ಕಾವಲಿನವನಿಗೆ ಇವು ಎಲ್ಲಿಂದ ಬಂದವೆಂದು ಕೇಳಿದರೆ ಉತ್ತರ ಸಿದ್ಧವಾಗಿದೆ: “ಪಾಲಿಸುವವನೇ ಕೊಡುವವನಲ್ಲವೆ? ಕನ್ನಡವೇ ಹಾಗೆ ಹೇಳುತ್ತದೆ.” ವಾದವು ಭಾಷೆಯನ್ನು ಆಶ್ರಯಿಸಿರುವುದರಿಂದ ಭಾಷೆಯಿಂದಲೇ ಪರೀಕ್ಷೆಯನ್ನು ಆರಂಭಿಸೋಣ.

‘ಪಾಲ’ ಎಂಬುದು ಸಂಸ್ಕೃತ ಶಬ್ದ. ಕಾಯುವವನು ಎಂಬುದೇ ಅದರ ಅರ್ಥ. ಗೋಪಾಲ ಗೋವುಗಳನ್ನು ಕಾಯುತ್ತಾನೆ, ದ್ವಾರಪಾಲ ಬಾಗಿಲನ್ನು, ಕ್ಷೇತ್ರಪಾಲ ಕ್ಷೇತ್ರವನ್ನು. ಈ ಯಾವ ಪದದಲ್ಲಿಯೂ ಒಡೆತನದ ಸೂಚನೆಯಿಲ್ಲ. (ಭಾಗ ಎಂಬರ್ಥದ ‘ಪಾಲು’ ಬೇರೆ ಮೂಲದ ದೇಶ್ಯಶಬ್ದ, ಆದರೂ ಕಾಯುವವನಿಗೊಂದು ಪಾಲು ಸಲ್ಲಬೇಕೆಂಬ ಭಾವನೆ ಕೆಲವರ ಮನಸ್ಸಿನಲ್ಲಿ ಇದರೊಡನೆ ಬೆರೆತಿದ್ದರೆ ಆಶ್ಚರ್ಯವಿಲ್ಲ.) ಕನ್ನಡಕ್ಕೆ ಬಂದ ಮೇಲೆ ‘ಪಾಲಿಸು’ ಎಂಬ ಕ್ರಿಯಾಪದವು ಮೂರು ಅರ್ಥಗಳನ್ನು ಹೊತ್ತಿತು. ಪ್ರಜೆಗಳನ್ನು ಪಾಲಿಸು ಎಂದರೆ ಕಾಪಾಡು. ವ್ರತವನ್ನು ಪಾಲಿಸು ಎಂದರೆ ಆಚರಿಸು, ಮೀರದಿರು. ‘ಅಪ್ಪಣೆ ಪಾಲಿಸು’, ‘ದಯಪಾಲಿಸು’ ಎಂಬಲ್ಲಿ ಕೊಡು, ಕರುಣಿಸು. ಮೂರನೆಯ ಅರ್ಥ ಕನ್ನಡದಲ್ಲಿದೆಯೆಂಬುದು ನಿಜ. ಅಷ್ಟರಮಟ್ಟಿಗೆ ಎದುರುವಾದಿಗಳು ಸರಿ. ಆದರೆ ಅದು ಒಡೆಯನ ಮುಂದೆ ನಿಂತ ಸೇವಕನ ವಿನಯದ ಮಾತು. ಕೊಡುವ ಅಧಿಕಾರವಿದ್ದವನಿಗೆ ಅದು ಸಲ್ಲುತ್ತದೆ. ಅರಮನೆಯ ಮಾತನ್ನು ಬಾಗಿಲು ಕಾಯುವವನಿಗೆ ಹೇಳಿ, ಭಾಷೆಯನ್ನು ಸಾಕ್ಷಿಗೆ ಕರೆದರೆ ಅದು ಸಾಕ್ಷಿ ನುಡಿದೀತೆ?

ನಮ್ಮ ಆಚಾರ್ಯರು ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಟ್ಟಿಲ್ಲ. ವರವನ್ನು ಬಯಸಿ ರಾಗದ್ವೇಷಗಳಿಂದ ಮಲಿನರಾದ ದೇವತೆಗಳನ್ನು ಉಪಾಸಿಸುವುದನ್ನು ಸಮಂತಭದ್ರರು ರತ್ನಕರಂಡ ಶ್ರಾವಕಾಚಾರದಲ್ಲಿ ದೇವಮೂಢತೆಯೆಂದು ಕರೆದಿದ್ದಾರೆ. ರಾಷ್ಟ್ರಕೂಟರ ಕಾಲದಲ್ಲಿ, ಕ್ರಿ.ಶ. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಗಳ ಮಾತು ಇನ್ನೂ ಸ್ಪಷ್ಟ: ಈ ದೇವತೆಗಳು ಶಾಸನದ ರಕ್ಷಣೆಗಾಗಿ ಕಲ್ಪಿತರಾದವರು, ಪೂಜೆಯ ಒಂದಂಶವನ್ನಿತ್ತು ಇವರನ್ನು ಗೌರವಿಸಬೇಕು, ಜಿನನಿಗೆ ಸಮಾನರೆಂದು ಪೂಜಿಸುವವನು ಅಧೋಗತಿಗೆ ಇಳಿಯುತ್ತಾನೆ. ಇಲ್ಲಿ ಶಾಸನವೆಂದರೆ ಜಿನಬೋಧೆ. ಕಾವಲಿರುವುದು ಬೋಧೆಗೆ, ನಮ್ಮ ಆಸ್ತಿಪಾಸ್ತಿಗಲ್ಲ.

ಹಾಗೆಂದು ಯಕ್ಷಯಕ್ಷಿಯರನ್ನು ಬಸದಿಗಳಿಂದ ಹೊರಗಿಡಬೇಕೆನ್ನುವ ಪಂಥದವರ ಮಾತೂ ನನಗೆ ಸಮ್ಮತವಲ್ಲ. ಹೊಂಬುಜದ ಪದ್ಮಾವತಿ, ಸಿಂಹನಗದ್ದೆಯ ಜ್ವಾಲಾಮಾಲಿನಿ ಇಲ್ಲದೆ ಕರ್ನಾಟಕದ ಜೈನಜೀವನವನ್ನು ಊಹಿಸಲಾಗದು. ಸೋಮದೇವರೂ ಗೌರವಿಸಬೇಡಿರೆನ್ನಲಿಲ್ಲ, ಗೌರವದ ಅಳತೆಯನ್ನು ಹೇಳಿದರು.

ಆ ಅಳತೆಯನ್ನು ನಮ್ಮ ಜನಪದವೂ ಬಲ್ಲದು. ಶ್ರವಣಬೆಳಗೊಳದ ದೊಡ್ಡಬೆಟ್ಟದಲ್ಲಿ ಗೊಮ್ಮಟನ ಪ್ರಾಕಾರದ ಹೊರಗೆ ಗುಳ್ಳಕಾಯಜ್ಜಿ ನಿಂತಿದ್ದಾಳೆ. ಚಾವುಂಡರಾಯನ ಕೊಡಕೊಡ ಹಾಲು ಸ್ವಾಮಿಯ ಪಾದವನ್ನು ಮುಟ್ಟಲಿಲ್ಲ, ಈ ಮುದುಕಿಯ ಗುಳ್ಳಕಾಯಿಯ ಹಾಲು ಮುಟ್ಟಿತು ಎಂಬುದು ಐತಿಹ್ಯ. ಅಜ್ಜಿಯ ರೂಪದಲ್ಲಿ ಬಂದವಳು ನೇಮಿನಾಥರ ಯಕ್ಷಿ ಕೂಷ್ಮಾಂಡಿನಿಯೆಂದೂ ಹೇಳುತ್ತಾರೆ. ಅವಳು ರಾಯನಿಗೆ ಪದವಿಯನ್ನು ಕೊಡಲಿಲ್ಲ, ಧನವನ್ನು ಕೊಡಲಿಲ್ಲ. ಬೃಹನ್ಮೂರ್ತಿಯನ್ನು ಮಾಡಿಸಿದೆನೆಂಬ ಅವನ ಅಹಂಕಾರವನ್ನು ಮುರಿದಳು. ಅಹಂಕಾರದಿಂದ ಧರ್ಮವನ್ನು ಕಾಯುವ ಇಂಥ ಕಾವಲನ್ನು ನಾವು ಯಾರಾದರೂ ಹರಕೆ ಹೊತ್ತು ಬೇಡಿದ್ದೇವೆಯೆ?

ನಾವು ಬೇಡುವುದು ಬೇರೆಯೇ. ಅಣ್ಣತಮ್ಮಂದಿರು ತೋಟದ ಗಡಿಗಾಗಿ ನ್ಯಾಯಾಲಯದ ಮೆಟ್ಟಿಲೇರುತ್ತಾರೆ. ಇಬ್ಬರೂ ಒಂದೇ ಬಸದಿಯ ಕ್ಷೇತ್ರಪಾಲನಿಗೆ ಹರಕೆ ಹೊರುತ್ತಾರೆ. ಅವನು ಯಾರ ಪರ ನಿಲ್ಲಬೇಕು? ಪರಿಗ್ರಹಪರಿಮಾಣವು ಶ್ರಾವಕನ ಐದು ಅಣುವ್ರತಗಳಲ್ಲೊಂದು. ಅದನ್ನು ಪಾಲಿಸಬೇಕಾದವರು ನಾವು. ನಮ್ಮ ಪಾಲಿನ ಆ ಎರಡನೆಯ ಅರ್ಥವನ್ನು ಕೈಬಿಟ್ಟು, ಮೂರನೆಯದನ್ನು ಅವನ ತಲೆಗೆ ಕಟ್ಟಿದ್ದೇವೆ. ವ್ರತವನ್ನು ನಾವೇ ಪಾಲಿಸದ ಮೇಲೆ, ಕಾಯಲು ಅವನ ಬಳಿ ಉಳಿಯುವುದಾದರೂ ಏನು? ಗೋಡೆ, ಬೀಗ, ಹುಂಡಿ. ಅದಕ್ಕೆ ಸಂಬಳದ ಕಾವಲುಗಾರನೇ ಸಾಕು.

ಆಡಳಿತ ಸಮಿತಿಗಳವರಲ್ಲಿ ಒಂದು ವಿನಂತಿ. ಬರುವ ವರ್ಷದ ಪತ್ರಿಕೆಯನ್ನು ಮುದ್ರಣಕ್ಕೆ ಕೊಡುವಾಗ ‘ಸಕಲ ಇಷ್ಟಾರ್ಥ ಪ್ರದಾಯಕ’ ಎಂಬುದನ್ನು ಹೊಡೆದುಹಾಕಿ, ಆ ಸ್ಥಳದಲ್ಲಿ ‘ಜಿನಶಾಸನ ರಕ್ಷಕ’ ಎಂದು ಬರೆಯಿರಿ. ಹರಕೆಯ ಕಾಣಿಕೆ ಕಡಿಮೆಯಾದೀತೆಂಬ ಆಕ್ಷೇಪ ಸಭೆಯಲ್ಲಿ ಬಂದರೆ, ಆಕ್ಷೇಪಿಸಿದವರ ಹೆಸರಿನೊಡನೆ ಅದನ್ನೂ ನಡಾವಳಿ ಪುಸ್ತಕದಲ್ಲಿ ದಾಖಲಿಸಿಕೊಳ್ಳಿರಿ.